ನಡುವಿನ ನಾಲ್ಕು ಸಾಲು

ಆಗ ನನಗೆ ಅರವತ್ತೇಳು. ಮೂರು ವರ್ಷದ ಹಿಂದಿನ ಮಾತು. ಆಧಾರ್ ಕಾರ್ಡಿನಲ್ಲಿ ಅರವತ್ತೊಂದು ಎಂದಿತ್ತು. ಬರೆದವನು ನನ್ನ ಮುಖ ನೋಡಿ ಬರೆದನೋ ಗೋಡೆ ನೋಡಿ ಬರೆದನೋ ಗೊತ್ತಿಲ್ಲ. ನಾನು ಅದನ್ನು ನಂಬುವುದಿಲ್ಲ.

ಮೊನ್ನೆ ಕಿವಿ ಸೋರುತ್ತಿದೆ ಎಂದು ರಾಯಚೂರಿನ ದವಾಖಾನೆಗೆ ಹೋಗಿದ್ದೆ. ಡಾಕ್ಟರು ಕಿವಿ ನೋಡಿ, ಗಂಟಲು ನೋಡಿ, ಯಾರೂ ಕೇಳದಿದ್ದರೂ ಮೂಗನ್ನೂ ನೋಡಿದರು. ಅರಳೆಯ ಉಂಡೆಯೊಂದನ್ನು ಮೂಗಿನ ಹತ್ತಿರ ಹಿಡಿದು, "ವಾಸನಿ ಬರ್ತದೇನಬೇ?" ಎಂದರು. ಇಲ್ಲ ಅಂದೆ. ಇನ್ನೊಂದು ಹಿಡಿದರು. ಅದೂ ಇಲ್ಲ. "ಎರಡ್ರಾಗೂ ಬರೇ ನೀರು ಹಚ್ಚಿ ನನ್ನ ಪರೀಕ್ಷೆ ಮಾಡಾಕತ್ತೀರೇನ್ರೀ?" ಎಂದು ಕೇಳಿದ್ದಕ್ಕೆ ನಕ್ಕು, ಒಂದು ಕರ್ಪೂರ, ಒಂದು ಲವಂಗದ ಎಣ್ಣೆ ಅಂದರು. ಇದ್ದರೂ ಇರಬಹುದು. ದೇವದುರ್ಗದ ಬಸ್ಸಿನಲ್ಲಿ ಕೂತು ಬರುವಾಗ ಆ ವರ್ಷದ ಮುಂಗಾರು ಪೂರಾ ತಲೆಯೊಳಗೆ ಬಂತು. ಆ ವರ್ಷವೂ ಹಿಂಗೇ ಒಬ್ಬಳು ನನಗೆ ಬರದ ವಾಸನೆಯನ್ನು ಇದೆ ಇದೆ ಎಂದು ಹೇಳಿದ್ದಳು.

ನನ್ನ ಮೂಗು ಹೋಗಿದ್ದು ಹತ್ತಿಯ ಹೊಲದಲ್ಲಿ. ನನ್ನ ಗಂಡ ಹತ್ತಿಗೆ ಎಣ್ಣೆ ಹೊಡೆಯುತ್ತಿದ್ದ. ನಮ್ಮ ಕಡೆ ಹುಳದ ಔಷಧಕ್ಕೆ ಎಣ್ಣೆ ಎನ್ನುತ್ತೇವೆ. ನಾನು ಕೊಡ ಹೊತ್ತು ನೀರು ಕೊಡುತ್ತಿದ್ದೆ, ಡಬ್ಬಿಯ ಮುಚ್ಚಳದಲ್ಲಿ ಅಳೆದು ಕಟ್ಟಿಗೆಯಿಂದ ಕಲಸಿ ಪಂಪಿಗೆ ಹಾಕುತ್ತಿದ್ದೆ. ಹದಿನೈದು ವರ್ಷ ಹಾಗೆ ಮಾಡಿದ ಮೇಲೆ ಒಂದು ದಿನ ಒಲೆಯ ಮೇಲಿನ ರೊಟ್ಟಿ ಸೀದು ಕರಿ ಆದರೂ ನನಗೆ ಗೊತ್ತಾಗಲಿಲ್ಲ. ಅತ್ತೆ ಬೈದಾಗಲೇ ಮೂಗು ಹೋದದ್ದು ತಿಳಿದದ್ದು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಮಾಡಿದೆ. ಹತ್ತಿಗೆ ಏನಾದರೂ ಹೊಡೆಯಿರಿ, ಹತ್ತಿಯನ್ನು ಯಾರೂ ತಿನ್ನುವುದಿಲ್ಲ. ಉಣ್ಣುವ ಜೋಳಕ್ಕೆ ಹೊಡೆಯಬಾರದು. ಕಾಳು ನಮ್ಮ ಹೊಟ್ಟೆಗೆ, ಸೊಪ್ಪೆ ಎಮ್ಮೆಯ ಹೊಟ್ಟೆಗೆ.

ಅರಕೇರಾದ ದಾರಿಯಲ್ಲಿ ನಮ್ಮ ಹೊಲಗಳಿವೆ. ಅದರಲ್ಲಿ ಕಾಲುವೆಯ ಪಕ್ಕದ ಎರಡು ಎಕರೆಗೆ ಮುಂಗಾರಿ ಜೋಳ ಹಾಕುತ್ತೇವೆ. ನಮ್ಮ ವರ್ಷದ ರೊಟ್ಟಿ ಬರುವುದು ಅಲ್ಲಿಂದಲೇ. ಅದಕ್ಕೆ ಎರಡು ವರ್ಷದಿಂದ ಸುಳಿಯ ಹುಳ ಬಿದ್ದಿತ್ತು. ಚಿಟ್ಟೆ ಎಲೆಗೆ ಮೊಟ್ಟೆ ಇಡುತ್ತದೆ, ಮರಿಹುಳ ದಂಟಿನೊಳಗೆ ಇಳಿದು ಕೊರೆಯುತ್ತದೆ, ನಡುವಿನ ಸುಳಿ ಒಣಗುತ್ತದೆ. ಹಿಡಿದು ಎಳೆದರೆ ಬೆಣ್ಣೆಯೊಳಗಿನ ಕೂದಲಿನಂತೆ ಕೈಗೆ ಬರುತ್ತದೆ. ಎರಡು ವರ್ಷ ಅರ್ಧ ಬೆಳೆ ಹಾಗೆ ಹೋಯಿತು. ನನ್ನ ಮಗ ಅಮರೇಶ ಕಡೆಯ ಮಾತು ಹೇಳಿದ್ದ:

"ಯವ್ವಾ, ಈ ವರ್ಷನೂ ಹುಳ ಬಿತ್ತಂದ್ರ ನಿನ್ನ ಮಾತು ಕೇಳೂದಿಲ್ಲ. ಸುಳಿಗೆ ಹರಳು ಔಷಧ ಹಾಕ್ತೀನಿ."

"ಎಮ್ಮಿ ತಿಂದ್ರ?"

"ಹಾಕಿದ ಮ್ಯಾಲ ತಿಂಗಳ ತಡೆದು ಕೊಟ್ರ ಏನೂ ಆಗೂದಿಲ್ಲಂತ ಅಂಗಡ್ಯಾಂವ ಹೇಳ್ಯಾನ."

"ಅಂಗಡ್ಯಾಂವ ಎಮ್ಮಿ ಕಟ್ಯಾನೇನು?"

 ಆ ಬೇಸಿಗೆಯಲ್ಲೇ ಅವನು ದೇವದುರ್ಗದ ಕೃಷಿ ಕಚೇರಿಯಿಂದ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದ. ಹೆಸರು ನಸೀಮಾ. ಮಾನ್ವಿಯವಳು, ರಾಯಚೂರಿನಲ್ಲಿ ಬೆಳೆಯ ಹುಳಗಳ ಮೇಲೆ ಓದುತ್ತಿದ್ದಳು. ಸಣ್ಣ ಹುಡುಗಿ, ತಲೆಗೆ ದುಪಟ್ಟಾ, ಅದರ ಮೇಲೆ ಗಂಡಸರ ಟೋಪಿ. ಕೈಗೆ ರಬ್ಬರಿನ ಗವಸು ಹಾಕಿಕೊಂಡೇ ಮಣ್ಣು ಮುಟ್ಟುತ್ತಿದ್ದಳು. ನಮ್ಮ ಮಣ್ಣು ಮುಟ್ಟಲು ಕೈಗವಸು ಯಾಕೆ ಎಂದು ನನಗೆ ಅವತ್ತೇ ಅನುಮಾನ ಬಂತು.

ಅವಳು ಹೇಳಿದ್ದು ಇಷ್ಟು. ಅರ್ಧ ಹೊಲಕ್ಕೆ ಜೋಳದ ಸಾಲುಗಳ ನಡುವೆ ಒಂದು ಬಳ್ಳಿ ನೆಡುವುದು. ಆ ಅರ್ಧದ ಸುತ್ತ ಆನೆ ಹುಲ್ಲು ಹಚ್ಚುವುದು. ಬಳ್ಳಿಯ ವಾಸನೆ ಹುಳದ ಚಿಟ್ಟೆಗೆ ಆಗುವುದಿಲ್ಲ, ಹುಲ್ಲಿನ ವಾಸನೆ ಅದಕ್ಕೆ ಬೇಕಾಗುತ್ತದೆ. ಹೀಗಾಗಿ ಚಿಟ್ಟೆ ಜೋಳ ಬಿಟ್ಟು ಹುಲ್ಲಿಗೆ ಹೋಗಿ ಮೊಟ್ಟೆ ಇಡುತ್ತದೆ. ಹುಲ್ಲಿನ ಅಂಟಿಗೆ ಸಿಕ್ಕಿ ಮರಿಗಳು ಸಾಯುತ್ತವೆ. ಎಣ್ಣೆ ಬೇಡ, ಹರಳು ಬೇಡ.

ನಾನು ಕೇಳಿದೆ, "ಸಾಲಿನ ನಡುವ ಅಂದ್ರ ಅಕ್ಕಡಿ ಸಾಲಿನಾಗ?"

"ಹೌದ್ರೀ ಯವ್ವಾ."

"ಅಕ್ಕಡಿ ಸಾಲು ನಂದು. ನನ್ನ ಕೇಳೀರೇನು?"

ನಮ್ಮಲ್ಲಿ ಹೊಲ ಗಂಡಸಿನದಾದರೂ ಅಕ್ಕಡಿ ಸಾಲು ಹೆಂಗಸಿನದು. ಅದರಲ್ಲಿ ಪುಂಡಿಪಲ್ಯ, ಅಲಸಂದಿ, ಹೆಸರು, ನಾಲ್ಕು ಎಳ್ಳು, ಏನು ಹಾಕಬೇಕೋ ಮನೆಯ ಹೆಂಗಸು ಹಾಕುತ್ತಾಳೆ, ಅವಳೇ ಕೀಳುತ್ತಾಳೆ. ಅಮರೇಶ ತಲೆ ಕೆರೆದುಕೊಂಡ. ಹುಡುಗಿ ಮಾತ್ರ ನೆಲದ ಮೇಲೆ ನನ್ನ ಎದುರು ಕೂತು, "ಹಂಗಾರ ನಿಮ್ಮನ್ನ ಕೇಳ್ತೀನ್ರೀ, ಕೊಡ್ರಿ" ಅಂದಳು. ಜಾಣೆ. ಕೊಟ್ಟೆ. ಬಳ್ಳಿ ಬೇಡ ಅಂದಿದ್ದರೆ ಹರಳು ಬರುತ್ತಿತ್ತು.

ಬೇರು ಬಿಟ್ಟ ಕಡ್ಡಿಗಳನ್ನು ತಂದು ಬೋರಿನ ನೀರು ಬಿಟ್ಟು ನೆಟ್ಟರು, ಆ ಅರ್ಧದ ಗುರುತಿಗೆ ಗೂಟ ಹೊಡೆದರು. ಮೊದಲ ಮಳೆ ಬಿದ್ದ ಮೇಲೆ ಜೋಳ ಬಿತ್ತಿದೆವು. ಬಿತ್ತಿದ ದಿನದಿಂದ ನಾನು ಒಂದು ಹುರಿಗೆ ವಾರಕ್ಕೊಂದು ಗಂಟು ಹಾಕುತ್ತೇನೆ. ನನ್ನ ತಾಯಿ ಹಾಕುತ್ತಿದ್ದಳು. ಕಸ, ಎಂದರೆ ಕಳೆ, ತೆಗೆಸುವುದು ಯಾವಾಗ, ಹಕ್ಕಿ ಕಾಯುವುದು ಯಾವಾಗ, ಎಲ್ಲ ಆ ಹುರಿಯಲ್ಲೇ ಗೊತ್ತಾಗುತ್ತದೆ. ಕ್ಯಾಲೆಂಡರಿನಲ್ಲಿ ನನಗೆ ಅಮಾವಾಸ್ಯೆಯ ಕರಿ ಚುಕ್ಕೆ ಒಂದು ತಿಳಿಯುತ್ತದೆ, ಉಳಿದದ್ದು ಅಷ್ಟಕ್ಕಷ್ಟೇ.

ಬಳ್ಳಿ ಬೇಗ ಹಬ್ಬಿತು. ಎಲೆ ಮೂರು ಮೂರು, ಮುಟ್ಟಿದರೆ ಕೈಗೂ ಸೀರೆಗೂ ಅಂಟುತ್ತಿತ್ತು. ವಾಸನೆಯ ಮಾತು ನಿಜವೋ ಸುಳ್ಳೋ ನೋಡಬೇಕೆಂದು ಈರಮ್ಮನನ್ನು ಕರೆದೆ. ಈರಮ್ಮ ಕಸ ತೆಗೆಯುವ ಹೆಂಗಸರ ಗುಂಪಿನ ಮುಂದಾಳು. ನಾನೂ ಅವಳೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ನಲವತ್ತು ವರ್ಷಕ್ಕೂ ಮಿಕ್ಕಿ ಒಂದೇ ಚಂಚಿಯ ಎಲೆ ಅಡಿಕೆ ತಿಂದವರು.

"ಈ ಎಲಿ ಮೂಸು. ಏನ್ ಬರ್ತದ?"

ಈರಮ್ಮ ಮೂಸಿದಳು. "ಹಸಿ ಹುಲ್ಲಿನ ವಾಸನಿ ಬರ್ತದ. ಮತ್ತೇನು, ಸಂಪಿಗಿ ವಾಸನಿ ಬರಬೇಕಿತ್ತೇನು?"

ನಸೀಮಾ ಕೇಳಿಸಿಕೊಂಡಳು. "ನಮ್ಮ ಮೂಗಿಗೆ ತಿಳಿಯೂದಿಲ್ರೀ. ಚಿಟ್ಟಿಗೆ ತಿಳೀತದ."

"ಯಾರ ಮೂಗಿಗೂ ಬರದ ವಾಸನಿ ಅದ ಅಂತ ನೀ ಹೇಳ್ತಿ, ನಾ ನಂಬಬೇಕು," ಅಂದೆ. "ನಮ್ಮ ಮನ್ಯಾಗೂ ಯಾರ ಕಣ್ಣಿಗೂ ಕಾಣದ ಎಮ್ಮಿ ಒಂದು ಅದ. ಹಾಲು ಕುಡಿತೀಯೇನು?"

ಈರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಹುಡುಗಿಯೂ ನಕ್ಕಳು, ಆದರೆ ಕಿವಿ ಕೆಂಪಾಯಿತು.

ಅಲ್ಲಿಂದ ನಾನು ಅವಳ ಬೆನ್ನು ಬಿಡಲಿಲ್ಲ. ಅವಳು ಬಂದಾಗಲೆಲ್ಲ ಕಳೆ ತೆಗೆಯುವ ನೆವ ಮಾಡಿ ಹಿಂದೆ ಹೋಗುತ್ತಿದ್ದೆ. ಒಂದು ದಿನ ಬಳ್ಳಿಯ ಮೇಲೆ ತೆಳುವಾದ ಚೀಲ ಮುಚ್ಚಿ, ಬಾಯಿ ಕಟ್ಟಿ, ಒಂದು ಸಣ್ಣ ಯಂತ್ರ ಹಚ್ಚಿದಳು. ಯಂತ್ರ ಗುಂಯ್ ಎಂದು ಚೀಲದೊಳಗಿನ ಗಾಳಿಯನ್ನು ಒಂದು ಗಾಜಿನ ನಳಿಗೆಗೆ ಎಳೆಯುತ್ತಿತ್ತು. ಆಮೇಲೆ ಒಂದು ಶೀಷೆಯಿಂದ ಎರಡು ಹನಿ ನೀರಿನಂಥದ್ದನ್ನು ಆ ನಳಿಗೆಗೆ ಬಿಟ್ಟಳು.

"ಅದೇನು ಎಣ್ಣಿ?"

"ಎಣ್ಣಿ ಅಲ್ರೀ. ಬಳ್ಳಿ ವಾಸನಿ ಹಿಡ್ಯಾಕತ್ತೀನಿ. ರಾಯಚೂರಿಗೆ ಒಯ್ದು ಅದರಾಗ ಏನೇನ್ ಅದ ನೋಡ್ತೀವಿ."

"ನಮ್ಮ ಹೊಲದ್ದು ನೀ ಒಯ್ದ್ರ ನಮಗೇನು ಉಳೀತದ?"

"ಅದು ಮತ್ತ ಬಿಡ್ತದ್ರೀ, ದಿನಾ ಬಿಡ್ತದ."

ನನಗೆ ಶೀಷೆ ನೋಡಿದ್ದು ಸಾಕಾಗಿತ್ತು. ಯಾರೂ ಇಲ್ಲದಾಗ ಇವಳು ಬಳ್ಳಿಗೆ ಏನೋ ಬಿಡುತ್ತಾಳೆ, ಹುಳ ಸತ್ತರೆ ವಾಸನೆಯಿಂದ ಸತ್ತಿತು ಎನ್ನುತ್ತಾಳೆ ಎಂದುಕೊಂಡೆ. ಅದೇ ಹೊತ್ತಿಗೆ ಅವಳ ಫೋನು ಬಂತು. ಬದುವಿನ ಮೇಲೆ ನಿಂತು ತನ್ನ ತಾಯಿಯ ಜೊತೆ ಅವರ ಮನೆಯ ಮಾತಿನಲ್ಲಿ ಹೇಳಿದಳು: "ನೈ ಅಮ್ಮೀ, ಬುಡ್ಡೀ ಕು ಭರೋಸಾಚ್ ನೈ. ಮೈ ಜಿಧರ್ ಗಯೀ, ಉಧರ್‌ಚ್ ಆತೀ." ಮುದುಕಿಗೆ ನಂಬಿಕೆಯೇ ಇಲ್ಲ, ನಾನು ಎಲ್ಲಿ ಹೋದರೂ ಅಲ್ಲಿಗೇ ಬರುತ್ತಾಳೆ ಎಂದು. ನನ್ನ ತವರೂ ಮಾನ್ವಿಯೇ, ನಮ್ಮ ಓಣಿಯಲ್ಲಿ ಅರ್ಧ ಮನೆಗಳು ಆ ಮಾತಿನವೇ. ಪೂರಾ ತಿಳಿಯಿತು. ತಿಳಿಯದವಳಂತೆ ಕಳೆ ಕಿತ್ತೆ. ಆ ಮಾತಿಗೆ ನನಗೆ ಒಂದು ಕಿವಿ ಕಡಿಮೆ ಎಂದು ಅವರು ತಿಳಿದಿದ್ದರೆ ನನಗೇ ಒಳ್ಳೆಯದು.

ಮೂರನೇ ಗಂಟಿನ ವಾರ ಮಳೆ ಹೋಗಿತ್ತು, ಗಾಳಿ ಮಾತ್ರ ಬೀಸುತ್ತಿತ್ತು. ನಸೀಮಾ ಹಬ್ಬಕ್ಕೆಂದು ಮಾನ್ವಿಗೆ ಹೋದಳು, ಅಲ್ಲಿಂದ ಹಾಗೇ ರಾಯಚೂರಿಗೆ ಹೋಗಿ ಪರೀಕ್ಷೆ ಬರೆದು ಮೂರು ವಾರಕ್ಕೆ ಬರುತ್ತೇನೆ ಎಂದಿದ್ದಳು. ಹೋಗುವಾಗ, ಬಳ್ಳಿ ಎಮ್ಮೆಗೆ ಒಳ್ಳೆಯ ಮೇವು, ಬೇಕಾದರೆ ತುದಿ ಕೊಯ್ದು ಹಾಕಿರಿ ಎಂದು ಹೇಳಿದಳು. ಒಂದು ಹೊರೆ ಹಾಕಿದೆ. ಎಮ್ಮೆ ತಿಂದಿತು. ಮರುದಿನ ಹಾಲು ಅರ್ಧಕ್ಕೆ ಇಳಿಯಿತು.

ನನಗೆ ಇನ್ನೇನು ಬೇಕಿತ್ತು? ಶೀಷೆಯ ನೀರು ಬಳ್ಳಿಗೆ ಹೋಗಿದೆ, ಬಳ್ಳಿಯಿಂದ ಎಮ್ಮೆಗೆ ಬಂದಿದೆ, ನಾಳೆ ಬೇರಿನಿಂದ ಜೋಳಕ್ಕೂ ಹೋಗುತ್ತದೆ. ಪೂರಾ ಕಿತ್ತರೆ ಅಮರೇಶ ಕುಣಿದಾನು. ಅದಕ್ಕೆ ದಾರಿಯಿಂದ ಕಾಣದ ಹಾಗೆ ನಡುವಿನ ನಾಲ್ಕು ಸಾಲನ್ನು ಹಿಡಿದೆ. ಆ ಸಾಲುಗಳ ಜೋಳವನ್ನಾದರೂ ಮನೆಗೆ ಬೇರೆ ಇಟ್ಟುಕೊಳ್ಳೋಣ ಎಂದು. ಬೆಳಿಗ್ಗೆ ಬಯಲಿಗೆ ಹೋದವಳು ಹಾಗೇ ಹೊಲಕ್ಕೆ ಇಳಿದು ಆ ನಾಲ್ಕು ಸಾಲಿನ ಬಳ್ಳಿಯನ್ನು ಬೇರು ಸಮೇತ ಕಿತ್ತು ಕಾಲುವೆಗೆ ಬಿಟ್ಟೆ. ನೀರು ಒಯ್ದಿತು. ಹುರಿಯ ಮೂರನೇ ಗಂಟಿಗೆ ಸೀರೆಯ ಒಂದು ಎಳೆ ಸುತ್ತಿದೆ, ಯಾವ ವಾರ ಕಿತ್ತೆ ಎಂದು ನನಗೆ ನೆನಪಿರಲಿ ಎಂದು.

ಹತ್ತು ದಿನ ಬಿಟ್ಟು ಅಮರೇಶ ಹೇಳಿದಾಗ ತಿಳಿಯಿತು, ಆ ದಿನ ಎಮ್ಮೆ ಬೆದೆಗೆ ಬಂದಿತ್ತು. ಹಾಲು ಇಳಿದದ್ದು ಅದಕ್ಕೆ. ಆಗಲೂ ನಾನು ಸುಮ್ಮನಿದ್ದೆ. ಕಿತ್ತದ್ದು ಕಾಲುವೆಯಲ್ಲಿ ಎಲ್ಲಿಗೋ ಹೋಗಿಯಾಗಿತ್ತು.

ಆರನೇ ಗಂಟಿಗೆ ಹುಡುಗಿ ಬಂದಳು. ಜಿಟಿಜಿಟಿ ಮಳೆ, ಕರಿ ಮಣ್ಣು ಹೆಜ್ಜೆಹೆಜ್ಜೆಗೂ ಕಾಲು ಹಿಡಿಯುತ್ತಿತ್ತು. ಅವಳು ಹೊಲದೊಳಗೆ ಹೋದವಳು ನಡುವೆ ನಿಂತೇಬಿಟ್ಟಳು. ನಾನೂ ಅಮರೇಶನೂ ಹೋದೆವು. ಆ ಸಾಲುಗಳಲ್ಲಿ ಸುಳಿ ಒಣಗಿತ್ತು.

"ಇಲ್ಲಿ ಬಳ್ಳಿ ಯಾರ್ ಕಿತ್ರೀ?" ಹುಡುಗಿಯ ದನಿ ಸಣ್ಣದಾಗಿತ್ತು.

ಅಮರೇಶ ನನ್ನ ಕಡೆ ನೋಡಿದ. ನನ್ನ ಬಾಯಿ ನನಗಿಂತ ಮುಂದೆ ಹೋಯಿತು. "ಕಸ ತೆಗಿಯಾಕ ಬಂದಿದ್ರಲ್ಲ, ಈರಮ್ಮನ ಗುಂಪಿನವರು. ಅವರಿಗೇನು ಗೊತ್ತಾಗ್ತದ, ಕಸ ಅಂತ ಕಿತ್ತಿರಬೇಕು."

ಮಾತು ಸಂಜೆಯೊಳಗೆ ಊರು ಸುತ್ತಿತು. ಈರಮ್ಮ ನನ್ನ ಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಅಂದರೆ ಬರಲಿಲ್ಲ.

"ಏನ್ಬೇ ದ್ಯಾವಮ್ಮ, ನಲವತ್ತು ವರ್ಷದಾಗ ನಿನ್ನ ಅಕ್ಕಡಿಯಾಗಿಂದು ಒಂದು ಹಿಡಿ ಪುಂಡಿಪಲ್ಯ ನಿನ್ನ ಕೇಳದ ಕಿತ್ತೀನೇನು? ನನ್ನ ಮಕ ನೋಡಿ ಹೇಳು."

"ನೀ ಕಿತ್ತಿ ಅಂದಿಲ್ಲ. ನಿನ್ನ ಗುಂಪಿನ್ಯಾಗ ಯಾರರ…"

"ನನ್ನ ಗುಂಪಿನ ಹೆಣ್ಣಮಕ್ಕಳಿಗೆ ಕಸ ಯಾವ್ದು ಬೆಳಿ ಯಾವ್ದು ಗೊತ್ತದ. ನಿನಗ ಮನಷ್ಯಾರ್ ಯಾವ್ರು ಗೊತ್ತಿಲ್ಲ ಅಷ್ಟ." ಹೊರಟವಳು ತಿರುಗಿ ನಿಂತು, "ತೆನಿ ಕೊಯ್ಯಾಕ ನಮ್ಮನ್ನ ಕರಿಬ್ಯಾಡ. ಕಾಣದ ಎಮ್ಮಿ ಅದಲ್ಲ, ಅದನ್ನ ಕರ್ಕೊಂಡು ಕೊಯ್ಸು," ಅಂದಳು.

ನಾಲ್ಕು ದಿನಕ್ಕೆ ರಾಯಚೂರಿನಿಂದ ಜೀಪಿನಲ್ಲಿ ದೊಡ್ಡ ಸಾಹೇಬರು ಬಂದರು. ನಸೀಮಾಗೆ ಕಲಿಸುವವರು. ಬದುವಿನ ಮೇಲಿಂದ ಕೆಳಗಿಳಿಯದೆ ಹೇಳಿದರು: ಯಾರು ಕಿತ್ತರು ಗೊತ್ತಿಲ್ಲ, ಯಾವಾಗ ಕಿತ್ತರು ಗೊತ್ತಿಲ್ಲ. ಹುಳ ಬಿದ್ದ ಮೇಲೆ ಕಿತ್ತರೋ, ಕಿತ್ತ ಮೇಲೆ ಹುಳ ಬಿತ್ತೋ, ಅದೂ ಗೊತ್ತಿಲ್ಲ. ಈ ಹೊಲ ಲೆಕ್ಕಕ್ಕೆ ಬರುವುದಿಲ್ಲ. ನಾಳೆ ಬಂದು ಗೂಟ ಕಿತ್ತುಕೊಂಡು ಹೋಗು, ಮುಂದಿನ ವರ್ಷ ಬೇರೆ ಊರು ನೋಡೋಣ. ಹುಡುಗಿ ಹೂಂ ಅಂದಳು. ಅಳಲಿಲ್ಲ. ಕೈಗವಸು ಬಿಚ್ಚಿ, ಮತ್ತೆ ಹಾಕಿಕೊಂಡು, ಮತ್ತೆ ಬಿಚ್ಚಿದಳು.

ಅಮರೇಶನೂ ಅಲ್ಲೇ ನಿಂತು ಕೇಳಿದ್ದ. ಮಧ್ಯಾಹ್ನ ದೇವದುರ್ಗಕ್ಕೆ ಹೋಗಿ ಹರಳು ಔಷಧದ ಚೀಲ ತಂದು ಪಡಸಾಲೆಯಲ್ಲಿಟ್ಟ. "ನಾಳೆ ಹೊತ್ತೇರೂದ್ರಾಗ ಎರಡೂ ಎಕರೆಗೆ ಹಾಕ್ತೀನಿ. ಈ ಸಲ ಬಾಯಿ ಹಾಕಬ್ಯಾಡ ಯವ್ವಾ. ನಿನ್ನ ಮಾತೂ ಆತು, ಆ ಹುಡುಗಿ ವಾಸನಿನೂ ಆತು."

ಚೀಲದ ಮೇಲೆ ತಲೆಬುರುಡೆಯ ಚಿತ್ರವಿತ್ತು. ಅದನ್ನು ಓದಲು ಅಕ್ಷರ ಬೇಕಾಗುವುದಿಲ್ಲ.

ಸಂಜೆ ಇನ್ನೂ ಬೆಳಕಿರುವಾಗ ಒಬ್ಬಳೇ ಹೊಲಕ್ಕೆ ಹೋದೆ. ಮೊದಲು ಬಳ್ಳಿ ಇಲ್ಲದ ನನ್ನ ಅರ್ಧದೊಳಗೆ ಇಳಿದೆ. ಹತ್ತು ಗಿಡ ನೋಡಿದರೆ ಮೂರರ ಸುಳಿ ಕೈಗೆ ಬರುತ್ತಿತ್ತು. ಬಳ್ಳಿ ಇದ್ದ ಕಡೆ ಹೋದೆ. ಎರಡು ಸಾಲು ಪೂರಾ ನಡೆದರೂ ಬೆರಳೆಣಿಕೆಯಷ್ಟೇ ಸಿಕ್ಕವು. ಆಮೇಲೆ ನಡುವಿನ ನಾಲ್ಕು ಸಾಲು. ಅಲ್ಲಿ ಎಳೆದದ್ದೆಲ್ಲ ಬಂತು. ನಾಲ್ಕನೇ ಸಾಲು ದಾಟಿ ಐದಕ್ಕೆ ಕಾಲಿಟ್ಟರೆ ಬಳ್ಳಿ ಇತ್ತು, ಸುಳಿ ಹಸಿರಿತ್ತು. ತಿರುಗಿ ಬಂದು ಮತ್ತೊಮ್ಮೆ ನೋಡಿದೆ. ನನ್ನ ಕಣ್ಣನ್ನೂ ನಾನು ಸುಲಭಕ್ಕೆ ನಂಬುವವಳಲ್ಲ.

ಅಲ್ಲೇ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಯೋಚನೆ ಮಾಡಿದೆ. ಹುಡುಗಿ ಕಳ್ಳತನದಿಂದ ಎಣ್ಣೆ ಹೊಡೆದಿದ್ದರೆ ಎಲ್ಲ ಸಾಲಿಗೂ ಹೊಡೆಯುತ್ತಿದ್ದಳು. ಈ ನಾಲ್ಕನ್ನೇ ಬಿಡಬೇಕೆಂದರೆ ಬಳ್ಳಿ ಕಿತ್ತದ್ದು ಅವಳಿಗೆ ಮೊದಲೇ ಗೊತ್ತಿರಬೇಕಿತ್ತು. ಅವಳು ಮಾನ್ವಿಯಲ್ಲಿದ್ದಳು, ರಾಯಚೂರಿನಲ್ಲಿದ್ದಳು. ಅಮರೇಶನಿಗೆ ಗೊತ್ತಿರಲಿಲ್ಲ, ಈರಮ್ಮನಿಗೆ ಗೊತ್ತಿರಲಿಲ್ಲ. ಇಡೀ ಊರಿನಲ್ಲಿ ಆ ನಾಲ್ಕು ಸಾಲು ಗೊತ್ತಿದ್ದದ್ದು ನನಗೊಬ್ಬಳಿಗೇ. ಇನ್ನೊಂದು ಗೊತ್ತಿದ್ದದ್ದು ಆ ಚಿಟ್ಟೆಗೆ. ಅದಕ್ಕೆ ಯಾರು ಹೇಳಿದರು? ಮೂಗು ಹೇಳಿರಬೇಕು. ಬೇರೆ ಯಾರ ಮೇಲೆ ಹಾಕೋಣ ಎಂದು ಬಹಳ ಹುಡುಕಿದೆ. ಯಾರೂ ಸಿಗಲಿಲ್ಲ.

ಮನೆಗೆ ಬಂದು ಎರಡು ರೊಟ್ಟಿ ತಿಂದು ಮಲಗಿದೆ. ನಿದ್ದೆ ಚೆನ್ನಾಗಿಯೇ ಬಂತು.

ಮರುದಿನ ಬೆಳಿಗ್ಗೆ ಅಮರೇಶ ಏಳುವ ಮೊದಲೇ ಹರಳಿನ ಚೀಲವನ್ನು ಕೌದಿ ಒಣಹಾಕುವ ಕೋಲಿನಿಂದ ದೂಡಿಕೊಂಡು ಹೋಗಿ ಹಿಂದಿನ ಕೋಣೆಗೆ ಹಾಕಿ, ಕೀಲಿ ಹಾಕಿ, ಕೀಲಿಕೈಯನ್ನು ಎಲೆಯ ಚಂಚಿಯಲ್ಲಿಟ್ಟುಕೊಂಡೆ. ಆಮೇಲೆ ನಳದ ಕಟ್ಟೆಗೆ ಹೋದೆ. ನೀರು ಬರುವ ಹೊತ್ತು, ಹತ್ತು ಹದಿನೈದು ಜನ ಕೊಡ ಇಟ್ಟು ನಿಂತಿದ್ದರು. ಈರಮ್ಮ ಮುಂದೆಯೇ ಇದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

"ಈರಮ್ಮ, ಆ ಬಳ್ಳಿ ನಾನ ಕಿತ್ತೀನಿ," ಅಂದೆ.

ಅವಳು ತಿರುಗಲಿಲ್ಲ. "ಜೋರಾಗಿ ಹೇಳು. ಕಡೀ ಕೊಡದಾಕಿಗೆ ಕೇಳಿಲ್ಲ."

"ಬಳ್ಳಿ ನಾನ ಕಿತ್ತೀನಿ. ಈರಮ್ಮನ ಗುಂಪಿನವರು ಯಾರೂ ಮುಟ್ಟಿಲ್ಲ."

"ಕೇಳಿದ್ರೇನ್ರೇ?" ಈರಮ್ಮ ಎಲ್ಲರ ಕಡೆ ನೋಡಿದಳು. "ದ್ಯಾವಮ್ಮ ತನ್ನ ಬಾಯಿಲೆ ತಪ್ಪು ಒಪ್ಗೊಂಡ್ಳು. ಕೊಡ ಮುಚ್ಚಿಕೊಳ್ರಿ, ಇವತ್ತು ಕಲ್ಲಿನ ಮಳಿ ಬೀಳ್ತದ." ಎಲ್ಲರೂ ನಕ್ಕರು. ಅವಳು ನಗಲಿಲ್ಲ, ಚಂಚಿಯನ್ನೂ ಕೇಳಲಿಲ್ಲ. ಆದರೆ ತನ್ನ ಕೊಡವನ್ನು ಪಕ್ಕಕ್ಕೆ ಸರಿಸಿ ನನಗೆ ಕಾಲು ಇಡಲು ಜಾಗ ಬಿಟ್ಟಳು. ನನ್ನ ಹತ್ತಿರ ಕೊಡ ಇರಲಿಲ್ಲ. ಹೊಲಕ್ಕೆ ಹೋದೆ.

ನಸೀಮಾ ಆಗಲೇ ಬಂದು ಗೂಟ ಕೀಳುತ್ತಿದ್ದಳು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ತಾಯಿಗೆ ಹೇಳುತ್ತಿದ್ದಳು: "ಕೋನ್ ನಿಕಾಲೇಕಿ ಮಾಲೂಮ್ ನೈ ಅಮ್ಮೀ." ಯಾರು ಕಿತ್ತರೋ ಗೊತ್ತಿಲ್ಲ ಎಂದು.

"ಮೈಚ್ ನಿಕಾಲೀ," ಅಂದೆ. ನಾನೇ ಕಿತ್ತೆ.

ಫೋನು ಕೆಸರಿಗೆ ಬಿತ್ತು. "ನಿಮಗ ನಮ್ಮ ಮಾತು ಬರ್ತದೇನ್ರೀ ಯವ್ವಾ?"

"ಮೊದಲಿಂದ ಬರ್ತದ. ಬುಡ್ಡೀ ಅಂದಿದ್ದೂ ಗೊತ್ತದ. ಅದಿರ್ಲಿ, ಇದು ನೋಡು." ಸೊಂಟಕ್ಕೆ ಸಿಕ್ಕಿಸಿದ್ದ ಹುರಿ ತೆಗೆದು ಅವಳ ಕೈಗೆ ಕೊಟ್ಟೆ. "ಇದು ಬಿತ್ತಿದ ದಿನ. ಒಂದು, ಎರಡು, ಮೂರು. ಎಳಿ ಸುತ್ತೀನಲ್ಲ, ಆ ವಾರ ಕಿತ್ತೀನಿ. ನಾಕ ಸಾಲು, ಬೇರು ಸಮೇತ. ಆವಾಗ ಅಲ್ಲಿ ಒಂದು ಸುಳಿನೂ ಒಣಗಿದ್ದಿಲ್ಲ. ನಿಮ್ಮ ಸಾಹೇಬ್ರು ಯಾರು ಅಂದ್ರ ದ್ಯಾವಮ್ಮ ಅನ್ನು, ಯಾವಾಗ ಅಂದ್ರ ಇದನ್ನ ತೋರ್ಸು."

ಅವಳು ಹುರಿಯನ್ನು ಹಿಡಿದು ಗಂಟುಗಳನ್ನು ಬೆರಳಿನಿಂದ ಮುಟ್ಟುತ್ತ ಎಣಿಸಿದಳು. ಕೈಗವಸು ಹಾಕಿಕೊಂಡಿರಲಿಲ್ಲ. ಯಾಕೆ ಕಿತ್ತಿರಿ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ, ಕೇಳಲಿಲ್ಲ. ಕಿತ್ತ ಗೂಟಗಳನ್ನು ಅವೇ ಕುಣಿಗಳಿಗೆ ಮತ್ತೆ ಹೊಡೆದಳು.

ಅಷ್ಟರಲ್ಲಿ ಅಮರೇಶ ಬಂದ. "ಯವ್ವಾ, ಕೀಲಿಕೈ ಎಲ್ಲಿ?"

"ಸಿಗೂದಿಲ್ಲ. ಆ ನಾಕ ಸಾಲು ಎಳದು ನೋಡು, ಪಕ್ಕದ ಸಾಲೂ ನೋಡು. ಆಮ್ಯಾಲ ಕೇಳು."

ಅವನು ಬೈದುಕೊಳ್ಳುತ್ತ ಹೊಲದೊಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನು ಒಂದು ಎಲೆ ಕಿತ್ತು ಮೂಗಿಗೆ ಹಿಡಿದೆ. ಏನೂ ಬರಲಿಲ್ಲ. ಎಲೆ ಮೂಗಿಗೇ ಅಂಟಿತು. ಹುಡುಗಿಗೆ, ಕಡ್ಡಿ ಕೊಯ್ದು ಕೊಡು, ನಾನೇ ನೆಡುತ್ತೇನೆ ಅಂದೆ. ಅವಳು ಅಂಚಿನ ಬಳ್ಳಿಗಳಿಂದ ಕೊಯ್ದು ಮಡಿಲಿಗೆ ಹಾಕಿದಳು.

"ಎಷ್ಟದಾವ?"

"ನೂರ್ರೀ ಯವ್ವಾ."

ಬದುವಿನ ಮೇಲೆ ಕೂತು ಎಣಿಸಿದೆ. ತೊಂಬತ್ತೇಳಿದ್ದವು. ಇನ್ನು ಮೂರು ಇಸಿದುಕೊಂಡು ನಡುವಿನ ನಾಲ್ಕು ಸಾಲಿಗೆ ಇಳಿದೆ.